ಲೋಲಕದಲ್ಲಿ ಜಿ (ಗುರುತ್ವದ ವೇಗೋತ್ಕರ್ಷ, ಮೀ/ಸೆ²) 9.8ರ ಬದಲು 9.4 ಬಂತು, ಗುರುತ್ವ ಬೇರೆ ಆಯಾಮಕ್ಕೆ ಸೋರ್ತಿದೆಯಾ?

ಸೋರಿಕೆ ಅಲ್ಲ, ದಾರದ ಅಳತೆ ತಪ್ಪಿರಬೇಕು. ಕೊಕ್ಕೆವರೆಗೆ 50 ಸೆಂ.ಮೀ. ಅಂತ ಬರೆದಿದ್ದೀರಿ. ದಾರಕ್ಕೆ ತೂಗುವ ಗುಂಡಿನ ನಡುವಿನವರೆಗೆ ಅಳೆಯಬೇಕು. 1 ಸೆಂ.ಮೀ. ಬಿಟ್ಟರೂ ಉತ್ತರ ಶೇ 2ರಷ್ಟು ಇಳಿಯುತ್ತದೆ. ಎಷ್ಟು ದೂರ ಎಳೆದು ಬಿಟ್ಟಿರಿ ಅಂತ ಹೇಳಿಲ್ಲ. 30 ಡಿಗ್ರಿ ಎಳೆದಿದ್ದರೆ ಇನ್ನೂ ಶೇ 3ಕ್ಕಿಂತ ಜಾಸ್ತಿ ಇಳಿಯುತ್ತದೆ. ಯಾವುದರ ಪಾಲು ಎಷ್ಟು ಅಂತ ಖಚಿತವಾಗಿ ಹೇಳಲಾರೆ.

ಹೆಚ್ಚುವರಿ ಆಯಾಮದ ವಿಚಾರ ಸುಮ್ನೆ ತಮಾಷೆ ಅಲ್ಲ. ಗುರುತ್ವ ಅಷ್ಟು ದುರ್ಬಲ ಯಾಕೆ ಅನ್ನೋದಕ್ಕೆ ಭೌತವಿಜ್ಞಾನಿಗಳಾದ ಅರ್ಕಾನಿ-ಹಮೆದ್, ಡಿಮೊಪೌಲೋಸ್, ದ್ವಾಲಿ 1998ರಲ್ಲಿ ಇದನ್ನೇ ಉತ್ತರವಾಗಿ ಮುಂದಿಟ್ಟರು. ಆದರೆ ವ್ಯತ್ಯಾಸ ಕಾಣುವುದು ಆ ಆಯಾಮದ ಗಾತ್ರಕ್ಕಿಂತ ಹತ್ತಿರದಲ್ಲಿ ಮಾತ್ರ. ಎರಡು ಆಯಾಮ ಜಾಸ್ತಿ ಇದ್ದರೆ ಅಲ್ಲಿ ಬಲ ದೂರದ ವರ್ಗಕ್ಕಲ್ಲ, ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2020ರಲ್ಲಿ ಸುಮಾರು 0.05 ಮಿ.ಮೀ. ದೂರದವರೆಗೂ ನೋಡಿದರು, ದೂರದ ವರ್ಗಕ್ಕೆ ತಕ್ಕಂತೆ ಇಳಿಯುವ ನ್ಯೂಟನ್ ನಿಯಮವೇ ನಿಂತಿತು. ಅದಕ್ಕಿಂತ ಕೆಳಗೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ನೀವು ಅಳೆಯುತ್ತಿರುವುದೋ ಭೂಮಿಯ ನಡುವಿನಿಂದ ಸುಮಾರು 6,400 ಕಿ.ಮೀ. ಆಚೆ!

ಈಗ ಹೀಗೆ ಮಾಡಿ. 5 ಡಿಗ್ರಿಗಿಂತ ಜಾಸ್ತಿ ಎಳೆಯಬೇಡಿ. ಎಣಿಕೆ ಸೊನ್ನೆಯಿಂದ ಶುರು ಮಾಡಿ, 20 ತೂಗಾಟದ ಸಮಯ ಹಿಡಿಯಿರಿ. ಐದಾರು ಬೇರೆ ಬೇರೆ ಉದ್ದಕ್ಕೆ ಮಾಡಿ. ಉದ್ದವನ್ನು ವೈ ಅಕ್ಷಕ್ಕೆ, ಒಂದು ತೂಗಾಟದ ಸಮಯದ ವರ್ಗವನ್ನು ಎಕ್ಸ್ ಅಕ್ಷಕ್ಕೆ ಹಾಕಿ ಗೆರೆ ಎಳೆಯಿರಿ. ಗೆರೆಯ ಇಳಿಜಾರನ್ನು 39.48ರಿಂದ ಗುಣಿಸಿದರೆ ಜಿ ಸಿಗುತ್ತದೆ. ಗುಂಡಿನ ಅಳತೆ ತಪ್ಪಿದ್ದರೂ ಇಳಿಜಾರು ಕೆಡುವುದಿಲ್ಲ, ಗೆರೆ ಮೂಲಬಿಂದುವನ್ನು ತಪ್ಪಿಸಿ ಹೋಗುತ್ತದೆ ಅಷ್ಟೆ.

ನಿಮ್ಮ ಮಂಡ್ಯದಲ್ಲಿ 9.78ರ ಆಸುಪಾಸು ಬರಬೇಕು. ಪುಸ್ತಕದಲ್ಲಿರುವ 9.81 ಬರಲಿಲ್ಲ ಅಂತ ರೀಡಿಂಗ್ ತಿದ್ದೋಕೆ ಹೋಗಬೇಡಿ.