ದಾಸವಾಳದ ಕಡ್ಡಿ ಚಿಗುರುತ್ತದೆ, ಆಮೇಲೆ ಒಣಗುತ್ತದೆ. ಬೇರು ಬರಿಸುವ ಯಾವ ಪುಡಿ ಒಳ್ಳೆಯದು?

ಪುಡಿ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ನನ್ನ ಕಡ್ಡಿಗಳೂ ಹೀಗೇ ಚಿಗುರಿ ಹೀಗೇ ಸತ್ತವು.

ಕಡ್ಡಿ ನೆಟ್ಟು, ಪ್ಲಾಸ್ಟಿಕ್ ಕವರ್ ಮುಚ್ಚಿ ನೆರಳಲ್ಲಿ ಇಟ್ಟಿದ್ದೆ. ಗೆಣ್ಣುಗಳಲ್ಲಿ ಹೊಳೆಯುವ ಚಿಗುರು ಬಂತು. ಎಲೆ ಬಿಟ್ಟಿದೆ ಅಂದಮೇಲೆ ಬೇರೂ ಬಿಟ್ಟಿರಬೇಕು ಅಂದುಕೊಂಡೆ. ಕವರ್ ತೆಗೆದೆ, ಬಿಸಿಲಿಗೆ ಇಟ್ಟೆ, ಗೊಬ್ಬರವನ್ನೂ ಹಾಕಿದೆ. ಚಿಗುರು ಜೋತುಬಿತ್ತು. ಬಾಡಿದೆ ಅಂತ ಇನ್ನಷ್ಟು ನೀರು ಸುರಿದೆ. ಕೊನೆಗೆ ಕಿತ್ತು ನೋಡಿದರೆ ಒಂದು ಬೇರೂ ಇಲ್ಲ. ಕತ್ತರಿಸಿದ ತುದಿಯ ಸುತ್ತ ಗಂಟುಗಂಟಾದ ಬಿಳಿ ಉಬ್ಬು, ಅದರ ಮೇಲೆ ಉಗುರು ತಾಗಿದರೆ ಸುಲಿದು ಬರುವಷ್ಟು ಕೊಳೆತ ತೊಗಟೆ.

ಚಿಗುರು ಕಂಡರೆ ಬೇರು ಇದೆ ಅಂತ ನಂಬಿದ್ದೇ ತಪ್ಪು. ನೀವೂ ಅಲ್ಲೇ ಎಡವಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಗೆಣ್ಣಿನಲ್ಲಿ ಮೊಗ್ಗು ಮೊದಲೇ ತಯಾರಾಗಿ ಮಲಗಿರುತ್ತದೆ. ಕೊಂಬೆಯ ತುದಿ ಹೋದರೆ ಅದನ್ನು ತಡೆದಿದ್ದ ಹಿಡಿತವೂ ಹೋಗುತ್ತದೆ. ಕಡ್ಡಿಯಲ್ಲಿ ಉಳಿದ ನೀರು, ಪಿಷ್ಟದಿಂದಲೇ ಅದು ಎದ್ದುಬಿಡುತ್ತದೆ. ಬೇರು ಹಾಗಲ್ಲ, ಅದನ್ನು ಹೊಸದಾಗಿ ಕಟ್ಟಬೇಕು. ಎಲೆ ಮತ್ತು ಎಳೆ ಚಿಗುರಿನಲ್ಲಿ ತಯಾರಾಗುವ ಆಕ್ಸಿನ್ ಅನ್ನೋ ಹಾರ್ಮೋನ್ ಕೆಳಗಿಳಿದು ಗಾಯದ ಹತ್ತಿರ ಸೇರಿಕೊಳ್ಳುತ್ತದೆ. ಅಲ್ಲಿ ನೀರು, ಆಹಾರ ಸಾಗಿಸುವ ನಾಳಗಳ ಪಕ್ಕದ ಕೋಶಗಳು ಹಳೇ ಕೆಲಸ ಬಿಟ್ಟು ಮತ್ತೆ ವಿಭಜನೆಯಾಗತೊಡಗುತ್ತವೆ. ಬೇರಿನ ತುದಿ ಮೂಡಿ, ತೊಗಟೆ ಸೀಳಿ ಹೊರಬರುತ್ತದೆ. ನಾನು ನೋಡಿದ ಬಿಳಿ ಉಬ್ಬು ಬೇರಲ್ಲ, ಗಾಯ ಮುಚ್ಚಲು ಬೆಳೆದ ಕಾಲಸ್ ಅಷ್ಟೇ. ಬೇರು ಬರೋಕೆ ವಾರಗಟ್ಟಲೆ ಬೇಕು. ಅಷ್ಟರಲ್ಲಿ ಎಲೆ ಜಾಸ್ತಿಯಾದಷ್ಟೂ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಎಳೆದುಕೊಳ್ಳೋಕೆ ಕೆಳಗೆ ಏನೂ ಇರಲ್ಲ. ಅಂಥಾ ಕಡ್ಡಿಯನ್ನು ನಾನು ಬಿಸಿಲಿಗೆ ಇಟ್ಟಿದ್ದೆ.

ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಐಬಿಎ, ಅದೂ ಆಕ್ಸಿನ್ ಜಾತಿಯದ್ದೇ. ತೆಳ್ಳಗೆ ಹಚ್ಚಿದರೆ ನೆರವಾಗುತ್ತದೆ, ಜಾಸ್ತಿಯಾದರೆ ಬುಡವೇ ಕಪ್ಪಾಗುತ್ತದೆ. ಅದಕ್ಕಿಂತ ಎಲೆ ಕಡೆ ಗಮನ ಕೊಡಿ. ತುದಿಯಲ್ಲಿ ಎರಡು ಎಲೆ ಉಳಿಸಿ, ದೊಡ್ಡದಾದರೆ ಅರ್ಧಕ್ಕೆ ಕತ್ತರಿಸಿ. ಪೂರ್ತಿ ಬೋಳಿಸಬೇಡಿ, ಆಕ್ಸಿನ್ ಮತ್ತು ಸಕ್ಕರೆ ಬರುವುದು ಅಲ್ಲಿಂದಲೇ. ಕತ್ತರಿಸುವಾಗಲೇ ಬುಡ ಯಾವುದು ಅಂತ ಗುರುತು ಮಾಡಿಕೊಳ್ಳಿ, ಬೇರು ಹೆಚ್ಚಾಗಿ ಬರುವುದು ಆ ಕಡೆಯಿಂದಲೇ. ಜರ್ಮನಿಯ ಸಸ್ಯವಿಜ್ಞಾನಿ ಹರ್ಮನ್ ಫೋಕ್ಟಿಂಗ್ 1878ರಲ್ಲೇ ಇದನ್ನು ವಿಲೋ ಅನ್ನೋ ಮರದ ಕಡ್ಡಿಗಳಲ್ಲಿ ತೋರಿಸಿದ್ದರು. ತಲೆಕೆಳಗಾಗಿ ತೂಗುಹಾಕಿದರೂ ಬೇರು ಹೆಚ್ಚಾಗಿ ಬಂದದ್ದು ಮೂಲ ಬುಡದ ಕಡೆಯಿಂದಲೇ!

ಉಳಿದ ಕಡ್ಡಿಗಳ ಕವರ್ ಈಗಲೇ ತೆಗೆಯಬೇಡಿ. ಹೂವಿನ ಮೊಗ್ಗು ಬಂದರೆ ಚಿವುಟಿ, ಗೊಬ್ಬರ ಬೇಡವೇ ಬೇಡ. ಮಣ್ಣು ತೇವವಾಗಿದ್ದರೆ ಸಾಕು, ಕೆಸರಾಗಬಾರದು. ಕೆಲವು ವಾರ ಬಿಟ್ಟು ಕಡ್ಡಿಯನ್ನು ಮೆಲ್ಲಗೆ ಮೇಲಕ್ಕೆ ಎಳೆದು ನೋಡಿ. ಸಲೀಸಾಗಿ ಬಂದರೆ ಹಾಗೇ ಒತ್ತಿ ಮುಚ್ಚಿಡಿ. ಮಣ್ಣು ಹಿಡಿದಂತೆ ಅನಿಸಿದರೆ ಕವರನ್ನು ದಿನಾ ಸ್ವಲ್ಪ ಸ್ವಲ್ಪ ಹೊತ್ತು ತೆರೆದಿಡುತ್ತಾ ಬನ್ನಿ.