ಡಾಕ್ಟರು ಕೈಬಿಟ್ಟಿರಲಿಲ್ಲ, ಸಾಕ್ಷಿ ಹೇಗೆ ಹೇಳಲಿ?

ಪ್ರಶ್ನೆ: ನನ್ನ ಯಜಮಾನರಿಗೆ ಕರುಳಿನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಆರು ಸಲ ಕೀಮೋ ಕೊಟ್ಟರು, ಈಗ ಆರಾಮಿದ್ದಾರೆ. ಬರುವ ಉಪವಾಸ ಕೂಟದಲ್ಲಿ ಎಲ್ಲರ ಮುಂದೆ ದೇವರ ಉಪಕಾರದ ಸಾಕ್ಷಿ ಹೇಳಬೇಕೆಂದು ಪಾಸ್ಟರ್ ಕೇಳಿದ್ದಾರೆ. ‘ಡಾಕ್ಟರು ಕೈಬಿಟ್ಟಿದ್ದರು, ಪ್ರಾರ್ಥನೆಯೊಂದೇ ಉಳಿಸಿತು ಅನ್ನಿ, ಕೇಳುವವರ ನಂಬಿಕೆ ಗಟ್ಟಿಯಾಗುತ್ತದೆ’ ಅನ್ನುತ್ತಾರೆ. ಆದರೆ ಡಾಕ್ಟರು ಕೈಬಿಟ್ಟಿರಲಿಲ್ಲ. ಅದೇ ವಾರ್ಡಿನಲ್ಲಿದ್ದ ನಮ್ಮ ಸಭೆಯ ಹುಡುಗನೊಬ್ಬ ಉಳಿಯಲಿಲ್ಲ. ಅವನ ತಾಯಿ ಪ್ರತಿ ಭಾನುವಾರ ನನ್ನ ಮುಂದಿನ ಬೆಂಚಿನಲ್ಲೇ ಕೂರುತ್ತಾರೆ. ಹೇಳದಿದ್ದರೆ ದೇವರ ಉಪಕಾರ ಮರೆತಂತೆಯೇ?
– ಹೆಸರು ಬೇಡ, ಹುಬ್ಬಳ್ಳಿ

ಸಹೋದರಿ, ಸುಳ್ಳಿನ ವಿಷಯ ಸುಲಭ, ಮೊದಲು ಅದನ್ನು ಮುಗಿಸೋಣ. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆ ನಿಮಗೆ ಬಾಯಿಪಾಠ. ಇಲ್ಲಿ ನೆರೆಯವರು ಯಾರು? ಆ ಡಾಕ್ಟರು, ರಾತ್ರಿಪಾಳಿಯಲ್ಲಿ ಡ್ರಿಪ್ ಬದಲಿಸಿದ ನರ್ಸಮ್ಮ. ಕೈಬಿಡದವರನ್ನು ಕೈಬಿಟ್ಟರು ಅಂದರೆ ಅವರ ಮೇಲೆ ಅಪವಾದ ಹೊರಿಸಿದಂತಾಯಿತು. ಸುವಾರ್ತೆ ಬರೆದ ಲೂಕನನ್ನು ಕೊಲೊಸ್ಸೆಯವರಿಗೆ ಬರೆದ ಪತ್ರ ಪ್ರಿಯ ವೈದ್ಯ ಎಂದೇ ಕರೆಯುತ್ತದೆ. ವೈದ್ಯರನ್ನು ಹಳಿದು ದೇವರನ್ನು ಹೊಗಳುವ ಚಾಳಿ ನಮಗೆ ಎಲ್ಲಿಂದ ಬಂತೋ! (ನಾನೂ ವಯಸ್ಸಿನಲ್ಲಿ ಸಾಕ್ಷಿಗೆ ಉಪ್ಪುಖಾರ ಹಚ್ಚಿದವಳೇ. ಜನ ‘ಸ್ತೋತ್ರ’ ಅಂದಾಗ ಹಿತವಾಗಿತ್ತು, ಮನೆಗೆ ಹೋದಮೇಲೆ ಇರಲಿಲ್ಲ.)

ಯೋಹಾನನ ಸುವಾರ್ತೆಯ ಒಂಬತ್ತನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಕುರುಡನಿಗೆ ಕಣ್ಣು ಬಂತು. ಊರ ದೊಡ್ಡವರು ಅವನನ್ನು ಎರಡೆರಡು ಸಲ ಕರೆಸಿ, ದೇವರಿಗೆ ಘನತೆ ಸಲ್ಲಿಸು, ಆ ಯೇಸು ಪಾಪಿಯೆಂದು ಒಪ್ಪಿಕೋ ಎಂದು ಒತ್ತಾಯಿಸಿದರು. ಅವನು ಪಾಪಿಯೋ ಅಲ್ಲವೋ ನಾನರಿಯೆ, ಕುರುಡನಾಗಿದ್ದೆ ಈಗ ಕಾಣುತ್ತೇನೆ, ಅದೊಂದು ಬಲ್ಲೆ ಅಂದ. ದೇವರ ಹೆಸರಲ್ಲೇ ಒತ್ತಾಯ ಬಂದರೂ ಆ ಉತ್ತರದಲ್ಲಿ ಕಂಡದ್ದಕ್ಕಿಂತ ಒಂದು ಮಾತೂ ಜಾಸ್ತಿ ಆಡಲಿಲ್ಲ. ಪಾಸ್ಟರ್ ಹತ್ತಿರ ಒಬ್ಬರೇ ಹೋಗಿ, ‘ನಾನು ಕಂಡಷ್ಟನ್ನೇ ಹೇಳುತ್ತೇನೆ’ ಅನ್ನಿ. ಅವರು ಒಪ್ಪದಿದ್ದರೆ ಮೈಕ್ ಮುಂದೆ ನಿಲ್ಲಬೇಡಿ. ಸಮಾಧಿ ಗುಹೆಗಳಲ್ಲಿದ್ದ ಮನುಷ್ಯನನ್ನು ದೆವ್ವಗಳ ಕಾಟದಿಂದ ಬಿಡಿಸಿದ ಮೇಲೆ ಯೇಸು ಕಳುಹಿಸಿದ್ದು ಅವನ ಮನೆಯವರ ಬಳಿಗೆ. ಉಪಕಾರ ಸ್ಮರಣೆಗೆ ವೇದಿಕೆಯೇ ಬೇಕೆಂದಿಲ್ಲ.

ಆ ತಾಯಿಯ ವಿಷಯ ಕಷ್ಟದ್ದು. ‘ಪ್ರಾರ್ಥನೆಯೊಂದೇ ಉಳಿಸಿತು’ ಅಂತ ನೀವು ಅಂದರೆ ಆಕೆಗೆ ಕೇಳಿಸುವುದು ಬೇರೆ: ನಿನ್ನ ಪ್ರಾರ್ಥನೆ ಸಾಲಲಿಲ್ಲ. ತನಗೆ ಚುಚ್ಚುತ್ತಿದ್ದ ಮುಳ್ಳನ್ನು ತೆಗೆಯೆಂದು, ಊರೂರಿಗೆ ಸುವಾರ್ತೆ ಸಾರಿದ ಪೌಲ ಮೂರು ಸಲ ದೇವರನ್ನು ಬೇಡಿದ, ಅದು ಹೋಗಲಿಲ್ಲ. ಅವನಿಗೆ ನಂಬಿಕೆ ಕಡಿಮೆಯಿತ್ತೇ? ಇಬ್ರಿಯರಿಗೆ ಬರೆದ ಪತ್ರದ ಹನ್ನೊಂದನೇ ಅಧ್ಯಾಯದಲ್ಲಿ ಕತ್ತಿಯಿಂದ ತಪ್ಪಿಸಿಕೊಂಡವರೂ ಇದ್ದಾರೆ, ಮೂರೇ ವಚನದ ಆಚೆ ಕತ್ತಿಗೆ ಸಿಕ್ಕಿ ಸತ್ತವರೂ ಇದ್ದಾರೆ. ಎರಡೂ ಪಂಗಡಕ್ಕೆ ನಂಬಿಕೆಯ ಒಳ್ಳೆಯ ಸಾಕ್ಷಿ ಸಿಕ್ಕಿತೆಂದು ಆ ಪತ್ರ ಹೇಳುತ್ತದೆ. ಮಗನನ್ನು ಮಣ್ಣುಮಾಡಿ ಬಂದಮೇಲೂ ಅದೇ ಬೆಂಚಿಗೆ ಬಂದು ಕೂರುವ ಆಕೆಯದೂ ಸಾಕ್ಷಿಯೇ, ಆಕೆಯನ್ನು ಯಾರೂ ಮೈಕ್‌ಗೆ ಕರೆಯುವುದಿಲ್ಲ ಅಷ್ಟೆ.

ಕೂಟಕ್ಕೆ ಮೊದಲು ಆಕೆಯ ಮನೆಗೆ ಹೋಗಿ ಬನ್ನಿ. ನಿಮ್ಮ ಮಾತು ಎತ್ತುವ ಮೊದಲು ಹುಡುಗನ ಮಾತು ಕೇಳಿ, ಅವನ ಫೋಟೋ ನೋಡಿ. ಆಮೇಲೆ, ಹೀಗೆ ಹೇಳಬೇಕೆಂದಿದ್ದೇನೆ ಅಂತ ತಿಳಿಸಿ. ಆಕೆಗೆ ತಡೆಯಲಾಗದು ಅನ್ನಿಸಿದರೆ ಈ ಕೂಟ ಬಿಡಿ, ಅವಸರವೇನಿದೆ?

ಹೇಳುವುದಾದರೆ ಇಷ್ಟು ಸಾಕು: ನಮಗೆ ಭಯವಾಗಿತ್ತು, ನೀವೆಲ್ಲ ಪ್ರಾರ್ಥಿಸಿದಿರಿ, ಊಟ ತಂದಿರಿ, ಡಾಕ್ಟರು ತಮ್ಮ ಕೆಲಸ ಚೆನ್ನಾಗಿ ಮಾಡಿದರು, ಇವರು ಉಳಿದರು, ದೇವರಿಗೆ ಸ್ತೋತ್ರ, ಕೆಲವರು ಉಳಿಯಲಿಲ್ಲ, ಯಾಕೆಂದು ನನಗೆ ಗೊತ್ತಿಲ್ಲ. ಯಜಮಾನರ ಮುಂದಿನ ತಪಾಸಣೆ ಯಾವತ್ತಿದೆ ಅನ್ನುವುದನ್ನೂ ಸೇರಿಸಿ. ಮೈಮೇಲಿನ ಗಂಟನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಆಸ್ಪತ್ರೆಗೆ ಹೋಗದೆ ಹಿಂದಿನ ಸಾಲಿನಲ್ಲಿ ಕೂತ ಯಾರಾದರೂ ಇದ್ದರೆ ಅವರ ಕಿವಿಗೆ ಅದು ಬೀಳಲಿ.