ಡಾಕ್ಟರ ವರದಿಯಲ್ಲಿ ಏನೂ ಇಲ್ಲ ಅಂದರೆ ಪೋಕ್ಸೋ ಕೇಸು ಬಿದ್ದುಹೋಗುತ್ತದೆಯೇ?

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆಯಾದ ಪೋಕ್ಸೋ ಕೆಳಗೆ ಕೇಸು ಹಾಕಿದ್ದೀರಿ. ಡಾಕ್ಟರ ವರದಿಯಲ್ಲಿ ಏನೂ ಸಿಕ್ಕಿಲ್ಲ, ಕಣ್ಣಾರೆ ಕಂಡವರಿಲ್ಲ, ದೂರು ಕೊಟ್ಟದ್ದೂ ತಡವಾಗಿ, ಈಗ ಆರೋಪಿಯ ಕಡೆಯವರು ರಾಜಿಗೆ ಕರೆಯುತ್ತಿದ್ದಾರೆ, ಒಪ್ಪಿಕೊಳ್ಳುವುದೇ ಮೇಲಾ ಎಂದು ಕೇಳಿದ್ದೀರಿ. ಅಕ್ಕನ ಮನೆಯಲ್ಲಿ ಕೂತು ನಾವೂ ಇದೇ ಮಾತು ಆಡಿದವರು. ಅವಳ ಮಗಳಿಗೆ ಆಗ 13 ವರ್ಷ. ಆರೋಪಿ ಪಕ್ಕದ ಮನೆಯವನು. ನಮ್ಮ ಕೇಸಿಗೆ ಪೆಟ್ಟು ಬಿದ್ದದ್ದು ವರದಿಯಿಂದಲ್ಲ, ತಡದಿಂದಲೂ ಅಲ್ಲ. ನಾನು ಬರೆದುಕೊಟ್ಟ ದೂರಿನಿಂದ.

ಹುಡುಗಿ ಹೇಳಿದ್ದು ಇಷ್ಟೇ: ಮಳೆ ಹಿಡಿದ ಮೇಲೆ ಒಂದು ಸಲ, ದಸರಾ ರಜೆಗೆ ಮುಂಚೆ ಇನ್ನೊಂದು ಸಲ, ಕೊನೆಗೆ ಅಮ್ಮ ಸಂಘದ ಮೀಟಿಂಗಿಗೆ ಹೋದ ದಿನ. ತಾರೀಖು ಅವಳಿಗೆ ಗೊತ್ತಿರಲಿಲ್ಲ. ಯಾವ ಮಗು ಅದನ್ನು ಬರೆದಿಟ್ಟುಕೊಳ್ಳುತ್ತದೆ? ಆದರೆ ತಾರೀಖಿಲ್ಲದ ದೂರನ್ನು ಯಾರೂ ನಂಬುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ. ಮೀಟಿಂಗಿನ ದಿನ ಸಂಘದ ಪುಸ್ತಕದಲ್ಲಿ ಸಿಕ್ಕಿತು. ಉಳಿದ ಎರಡನ್ನು ಕ್ಯಾಲೆಂಡರ್ ನೋಡಿ ಅಂದಾಜಿನ ಮೇಲೆ ಬರೆದೆ. 'ಸುಮಾರು' ಎಂದಾದರೂ ಸೇರಿಸಿದ್ದರೆ ಸಾಕಿತ್ತು, ಸೇರಿಸಲಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವ ಹಿಂದಿನ ರಾತ್ರಿ ಆ ತಾರೀಖುಗಳನ್ನು ಅವಳಿಗೆ ಬಾಯಿಪಾಠವೂ ಮಾಡಿಸಿದೆ. ಮಗು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕು ಎಂದು ಪೋಕ್ಸೋ ಕಾಯ್ದೆಯೇ ಹೇಳುತ್ತದೆ. ಮ್ಯಾಜಿಸ್ಟ್ರೇಟರ ಮುಂದಿನ ಆ ಹೇಳಿಕೆ ಆಗ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಸೆಕ್ಷನ್ 164ರ ಕೆಳಗೆ ಆಗುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನ ಸೆಕ್ಷನ್ 183ರ ಕೆಳಗೆ. ಅಲ್ಲಿ ಅವಳು ಆಡಿದ್ದು ಅರ್ಧ ಅವಳ ಮಾತು, ಅರ್ಧ ನನ್ನದು.

ಪಾಟೀಸವಾಲಿನ ದಿನ ಆರೋಪಿಯ ವಕೀಲರು ಅವಳನ್ನು ನೇರವಾಗಿ ಕೇಳುವಂತಿರಲಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು. ಆರೋಪಿ ಅವಳ ಕಣ್ಣಿಗೆ ಬೀಳದಂತೆ ನಡುವೆ ಪರದೆ ಇತ್ತು. ಹೊರಗಿನವರಿಗೆ ಪ್ರವೇಶವಿರಲಿಲ್ಲ, ಅಕ್ಕ ಮಾತ್ರ ಜೊತೆಗಿದ್ದಳು. ನಾನೂ ಸಾಕ್ಷಿಯಾಗಿದ್ದರಿಂದ ಹೊರಗಿದ್ದೆ, ಆಮೇಲೆ ನಕಲು ತೆಗೆದು ಓದಿದೆ. ನಾನು ಬರೆದ ಮೊದಲ ತಾರೀಖಿನಂದು ಅವನು ಫ್ಯಾಕ್ಟರಿಯಲ್ಲಿ ಎರಡು ಪಾಳಿ ಸೇರಿಸಿ ದುಡಿದಿದ್ದನೆಂದು ಹಾಜರಿ ಪುಸ್ತಕ ತಂದಿದ್ದರು. ಈ ತಾರೀಖು ಹೇಗೆ ನೆನಪಿದೆ ಎಂದು ಕೇಳಿದ್ದಕ್ಕೆ ಹುಡುಗಿ ಕೊಟ್ಟ ಉತ್ತರ ಒಂದೇ ಸಾಲು: 'ಮಾಮ ಹೇಳಿಕೊಟ್ಟರು.'

ಅವಳು ನಿಜವನ್ನೇ ಹೇಳಿದ್ದಳು. ಆದರೆ ಹೇಳಿಕೊಟ್ಟ ಸಾಕ್ಷಿ ಎಂದು ಹಿಡಿದುಕೊಳ್ಳಲು ಎದುರು ಕಡೆಯವರಿಗೆ ಅಷ್ಟು ಸಾಕಾಯಿತು. ಮೊದಲಿನ ಎರಡು ಘಟನೆಗಳಲ್ಲಿ ಸಂಶಯದ ಲಾಭ ಅವನಿಗೆ ಹೋಯಿತು. ಕೊನೆಯದನ್ನು ಮಾತ್ರ ಕೋರ್ಟು ನಂಬಿತು. ಆ ಸಂಜೆ ಏನಾಯಿತೆಂದು ಅವಳು ಎಲ್ಲ ಕಡೆ ಒಂದೇ ರೀತಿ ಹೇಳಿದ್ದಳು, ಅಂದೇ ರಾತ್ರಿ ಅಮ್ಮನಿಗೂ ಹೇಳಿದ್ದಳು, ಸಂಘದ ಪುಸ್ತಕ ಅದಕ್ಕೆ ತಾಳೆಯಾಯಿತು. ಲೈಂಗಿಕ ಉದ್ದೇಶದಿಂದ ಮುಟ್ಟಿದ್ದಕ್ಕೆ ಪೋಕ್ಸೋ ಸೆಕ್ಷನ್ 8ರ ಕೆಳಗೆ 3 ವರ್ಷ ಶಿಕ್ಷೆಯಾಯಿತು. ಒಂದಕ್ಕಿಂತ ಹೆಚ್ಚು ಸಲ ನಡೆದದ್ದು ಸಾಬೀತಾಗಿದ್ದರೆ ಅದು ಸೆಕ್ಷನ್ 9ರ ತೀವ್ರ ಅಪರಾಧ, ಸೆಕ್ಷನ್ 10ರಲ್ಲಿ ಕನಿಷ್ಠ 5 ವರ್ಷ, ಗರಿಷ್ಠ 7. ಅವನು ಎಷ್ಟು ಸಲ ಹಾಗೆ ಮಾಡಿದ ಎಂಬುದು ತೀರ್ಪಿನಲ್ಲಿ ದಾಖಲಾಗದೇ ಹೋಯಿತು. ನನ್ನನ್ನು ಇವತ್ತಿಗೂ ಸುಡುವುದು ಅದು.

ಈಗ ನಿಮ್ಮ ವಿಷಯ. 'ಸಾಕ್ಷಿ ಇಲ್ಲ' ಎಂಬ ಮಾತನ್ನು ಮೊದಲು ಬಿಡಿ. ಮಗುವೇ ಸಾಕ್ಷಿ. ಸಂತ್ರಸ್ತೆಯ ಮಾತು ನಂಬುವಂತಿದ್ದರೆ ಬೇರೆ ಪುರಾವೆಯ ಊರುಗೋಲು ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 1996ರಲ್ಲೇ ಗುರ್ಮಿತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಕೆಟ್ಟ ಉದ್ದೇಶದಿಂದ ಮುಟ್ಟಿದ್ದೇ ಅಪರಾಧವಾಗಿರುವಾಗ ಮೈಮೇಲೆ ಗಾಯ ಎಲ್ಲಿಂದ ಬರಬೇಕು? ಬಟ್ಟೆಯ ಮೇಲಿಂದ ಮುಟ್ಟಿದರೂ ಅಪರಾಧವೇ ಎಂದು 2021ರಲ್ಲಿ ಅದೇ ಕೋರ್ಟು ಸ್ಪಷ್ಟಪಡಿಸಿತು. ಸೆಕ್ಷನ್ 29ರ ಪ್ರಕಾರ ಕೋರ್ಟು ಆರೋಪಿಯೇ ಮಾಡಿದ್ದಾನೆಂದು ಭಾವಿಸಿಕೊಂಡು ಹೊರಡುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವನದು. ಅದಕ್ಕೆ ಮುಂಚೆ ಘಟನೆಯ ಮೂಲ ಸಂಗತಿಗಳನ್ನು ಪ್ರಾಸಿಕ್ಯೂಷನ್ ತೋರಿಸಬೇಕು, ಮಗುವಿನ ಮಾತು ಕಲಬೆರಕೆಯಾಗಬಾರದು ಅನ್ನುವುದು ಅದಕ್ಕೇ. ತಡ ಯಾಕಾಯಿತು ಎಂದು ನಮ್ಮನ್ನೂ ಕೇಳಿದರು. ಮಗಳ ಮುಂದಿನ ಬದುಕಿಗೆ ಹೆದರಿದೆ ಎಂದು ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಕೋರ್ಟು ಒಪ್ಪಿತು.

ರಾಜಿ ನಿಮ್ಮ ಕೈಯಲ್ಲಿಲ್ಲ. ಕೇಸು ನಡೆಸುವುದು ಸರ್ಕಾರ. ಎರಡೂ ಕಡೆಯವರು ಒಪ್ಪಿಕೊಂಡರು ಎಂದು ಶಿಕ್ಷಕನೊಬ್ಬನ ಮೇಲಿನ ಎಫ್‌ಐಆರ್ ರದ್ದು ಮಾಡಿದ್ದ ರಾಜಸ್ಥಾನ ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತಳ್ಳಿಹಾಕಿತು. ಹಾಗಿದ್ದ ಮೇಲೆ ಅವರು ನಿಮ್ಮಿಂದ ಕೇಳುತ್ತಿರುವುದೇನು? ಮಗು ಕಟಕಟೆಯಲ್ಲಿ ನಿಂತು 'ಹಾಗೇನೂ ಆಗಿಲ್ಲ' ಅನ್ನಬೇಕು, ಅಷ್ಟೇ. ಇದಕ್ಕೆ ರಾಜಿ ಎಂಬ ಹೆಸರು ನಾನು ಕೊಡುವುದಿಲ್ಲ.

ಮಗುವಿಗೆ ಏನನ್ನೂ ಹೇಳಿಕೊಡಬೇಡಿ, ಪದೇ ಪದೇ ಕೇಳಲೂಬೇಡಿ. ಮರೆತಿದ್ದರೆ 'ಮರೆತೆ' ಅನ್ನಲಿ. ಜೊತೆಗಿರಲು ಬೆಂಬಲ ವ್ಯಕ್ತಿ ಬೇಕೆಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ, ಮಧ್ಯಂತರ ಪರಿಹಾರಕ್ಕೂ ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ಎಲ್ಲಿಂದ ಶುರು ಮಾಡಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ವಯಸ್ಸಿನ ದಾಖಲೆಯನ್ನು ಈ ವಾರವೇ ತೆಗೆದಿಡಿ: ಮೊದಲು ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಇಲ್ಲವೇ ನಗರಸಭೆಯ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ವಯಸ್ಸು ತೀರ್ಮಾನಿಸಲು ಕಾನೂನು ಕೊಟ್ಟ ಈ ಪಟ್ಟಿಯಲ್ಲಿ ಆಧಾರ್ ಇಲ್ಲ. ಶಾಲೆಯಲ್ಲಿ ಬರೆಸಿದ ತಾರೀಖಿಗೂ ಜನನ ಪತ್ರಕ್ಕೂ ವ್ಯತ್ಯಾಸವಿದ್ದರೆ ಮುಚ್ಚಿಡದೆ ಇವತ್ತೇ ಸರ್ಕಾರಿ ವಕೀಲರಿಗೆ ತಿಳಿಸಿ.